ಕೊಡೋ ಸೀರೆ

ಬೀರುವಿನ ಬಾಗಿಲು ಹಾಕಲಾಗದಷ್ಟು ಬಟ್ಟೆ ತುಂಬಿತ್ತು. ವನಜಾಕ್ಷಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳನ್ನು ಬೀದಿಯಿಂದ ಕೂಗಿ, ಮೆಟ್ಟಿಲ ಮೇಲೆ ಕೂರಿಸಿದಳು. ಲಂಗ, ಪ್ಯಾಂಟುಗಳ ರಾಶಿಯ ಮೇಲೆ ಮಡಿಕೆಯನ್ನೂ ಬಿಚ್ಚದ ನೇರಳೆ ಸೀರೆಯೊಂದು ಬಂದು ಬಿತ್ತು.

“ಅಯ್ಯೋ, ಇದು ಹೊಸದಲ್ವೇನಕ್ಕಾ?”

“ಹೊಸದೇ. ನನ್ನ ನಾದಿನಿ ಅವಳ ಮನೆ ಗೃಹಪ್ರವೇಶದಲ್ಲಿ ಕೊಟ್ಟಿದ್ದು. ಉಡೋಕಲ್ಲ, ಬರೀ ಕೊಡೋಕೆ ಅಂತ್ಲೇ ಅಂಗಡೀಲಿ ಬೇರೆ ಇಟ್ಟಿರ್ತಾರಲ್ಲ, ಆ ಪೈಕಿ. ನೆಲ ಒರೆಸಿದ್ರೆ ನೀರೂ ಹೀರಲ್ಲ.”

“ಸೀರೆ ಎಲ್ಲಿ ಅಂತ ಅವರು ಕೇಳಿದ್ರೆ?”

“ಉಟ್ಟೂ ಉಟ್ಟೂ ಹರಿದೇ ಹೋಯ್ತು ಅಂತೀನಿ. ಹಿಗ್ಗಿ ಹೀರೇಕಾಯಿ ಆಗ್ತಾಳೆ, ಪೆದ್ದಿ. ಅವತ್ತು ನಾನೂ ಅವಳಿಗೆ ಪಾತ್ರೆ ಕೊಟ್ಟೆ, ಹೆಸರು ಕೆತ್ತಿಸಿ. ನೋಡಿದೋರು ಕೊಟ್ಟೋರು ಯಾರು ಅಂತ ಕೇಳ್ಬೇಕು, ಹಂಗೆ.”

ಪಾತ್ರೆಯವಳು ಒಂದು ತಟ್ಟೆಯನ್ನು ಮುಂದಿಟ್ಟಳು. ವನಜಾಕ್ಷಿ ಅದನ್ನು ಬೆರಳಿನಿಂದ ಮೊಟಕಿ ಪಕ್ಕಕ್ಕೆ ತಳ್ಳಿದಳು.

“ಈ ತಗಡನ್ನ ನೀನೇ ಇಟ್ಕೋ. ಬುಟ್ಟಿ ತಳದಲ್ಲಿ ಕವುಚಿ ಇಟ್ಟಿದೀಯಲ್ಲ, ಆ ಕೊಳಗ ತೆಗಿ.”

“ಅದು ಅಂಗಡೀದಲ್ಲಕ್ಕಾ. ಯಾರೋ ಅಮ್ಮ ಬೇಡ ಅಂತ ಹಾಕಿ, ಒಂದು ಬಾಣಲೆ ತಗೊಂಡ್ರು.”

“ಇಂಥದ್ದನ್ನ ಬೇಡ ಅಂದ್ಲಾ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಕೊಡು ಇಲ್ಲಿ.”

ಪಾತ್ರೆಯವಳು ಕೊಳಗ ಕೊಟ್ಟು, ಬಟ್ಟೆಯ ಗಂಟು ಕಟ್ಟಿಕೊಂಡು ಹೋದಳು. ಗೆದ್ದವಳಂತೆ ವನಜಾಕ್ಷಿ ಕೊಳಗವನ್ನು ಒಳಗೆ ತಂದು ನಲ್ಲಿಯ ಕೆಳಗೆ ಹಿಡಿದಳು. ಧೂಳು ಕಳೆಯುತ್ತಿದ್ದಂತೆ ಅದರ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಅಕ್ಷರಗಳು ಒಂದೊಂದಾಗಿ ಕಂಡವು: ‘ಪ್ರೀತಿಯ ನಾದಿನಿಗೆ, ವನಜಾಕ್ಷಿ.’