ಮೂರನೇ ಕಂಬದ ಬಿಳಿ ಕಾರು

"ಮೂರನೇ ಕಂಬದಲ್ಲಿರೋ ಬಿಳಿ ಕಾರು ಯಾರದ್ರೀ?"

ಚಾರ್ಜಿಂಗ್ ನಿಲ್ದಾಣದ ಹೊಸ ಸೂಪರ್‌ವೈಸರ್ ಕಾಯುವ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದ. ಕೈಯಲ್ಲಿ ಟ್ಯಾಬ್, ಹುಬ್ಬು ಗಂಟು. ಒಳಗಿದ್ದ ನಾಲ್ಕೈದು ಮಂದಿ ಮುಖ ಮುಖ ನೋಡಿಕೊಂಡರು.

"ನಂದೇ ಕಣಪ್ಪಾ," ಎಂದರು ಮೀಟರ್ ಮಾವ.

"ದಿನಾ ಸಂಜೆ ಬ್ಯಾಟರಿ ಅರವತ್ತು ಪರ್ಸೆಂಟ್ ಇರೋವಾಗ್ಲೇ ಬರುತ್ತೆ. ನಿಧಾನದ ಪ್ಲಗ್ಗೇ ಬೇಕು. ಎಂಬತ್ತಾದ ಮೇಲೆ ಹೊರಡುತ್ತೆ. ಗಾಡಿ ನಂಬರ್ ಹಾಕಿದ್ರೆ ಮನೇಲೂ ಚಾರ್ಜರ್ ಇದೆ ಅಂತ ತೋರಿಸ್ತಿದೆ. ಮನೇಲಿ ಇಟ್ಕೊಂಡು ಇಲ್ಲಿ ಯಾಕ್ರೀ ಬೀಡು ಬಿಟ್ಟಿದ್ದೀರಿ? ಬೇರೆಯವರು ಸಾಲಲ್ಲಿ ಕಾಯ್ತಿದ್ದಾರೆ."

ಸೂಪರ್‌ವೈಸರ್ ಟ್ಯಾಬ್ ಮೇಲೆ ಬೆರಳಾಡಿಸಿದ.

"ಎಪ್ಪತ್ತಾರು ಆಗಿದೆ. ಎಂಬತ್ತಾಗ್ತಿದ್ದ ಹಾಗೇ ತೆಗೀರಿ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡಿ."

ಅವನು ಹೋದ. ಮಾವ ಪ್ಲಾಸ್ಟಿಕ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕುಳಿತರು. ನಾಳೆಯಿಂದ ಸಂಜೆ ಎಲ್ಲಿಗೆ ಹೋಗುವುದು?

ಮೂವತ್ತೊಂದು ವರ್ಷ ಅವರು ಮನೆ ಮನೆಗೆ ನಡೆದು ಕರೆಂಟ್ ಮೀಟರ್ ಓದಿದವರು. "ಮೀಟರ್!" ಎಂದು ಕೂಗಿದರೆ ಸಾಕು, ಬಾಗಿಲು ತೆರೆಯುತ್ತಿತ್ತು. ಬಿಸಿಲು ಜಾಸ್ತಿ ಅನ್ನುವವರು, ಮಗಳ ಮದುವೆ ಸುದ್ದಿ ಹೇಳುವವರು, ಬಿಲ್ ಕಂಡು ಉರಿದು ಬೀಳುವವರು. ಬೈಗುಳವೂ ಮಾತೇ ತಾನೇ. ಆಮೇಲೆ ತಾವೇ ಲೆಕ್ಕ ಕಳಿಸುವ ಮೀಟರುಗಳು ಬಂದವು. ಮಾವ ನಿವೃತ್ತರಾದರು. ಎರಡು ವರ್ಷದ ಹಿಂದೆ ಹೆಂಡತಿಯೂ ಹೋದಳು. ಒಮ್ಮೊಮ್ಮೆ ಬೆಳಗ್ಗೆಯಿಂದ ಸಂಜೆಯವರೆಗೆ ಒಂದೇ ಒಂದು ಮಾತಾಡದೆ ದಿನ ಕಳೆಯುತ್ತಿತ್ತು. ತಮ್ಮ ದನಿ ಇನ್ನೂ ಇದೆಯೋ ಇಲ್ಲವೋ ಎಂದು ಕನ್ನಡಿಯ ಮುಂದೆ ಕೆಮ್ಮಿ ನೋಡಿದ್ದೂ ಉಂಟು.

ಇಲ್ಲಿ ಹಾಗಲ್ಲ. ಚಾರ್ಜಿಗೆ ಹಾಕಿದವರು ಕಾಯಲೇಬೇಕು. ಕಾಯುವವರು ಮಾತಾಡಲೇಬೇಕು.

"ಸರ್, ನೀವೇ ಅಲ್ವಾ ಎಲ್ಲರಿಗೂ ಹೇಳಿಕೊಡೋದು?" ಎದುರಿಗಿದ್ದ ಹೊಸ ದಂಪತಿಯಲ್ಲಿ ಗಂಡ ಕೇಳಿದ. "ನಿನ್ನೆಯಷ್ಟೇ ಕಾರು ತಗೊಂಡ್ವಿ. ಮನೇಲಿ ಮಾಮೂಲಿ ಸಾಕೆಟ್ಟಿಗೆ ಹಾಕಬಹುದಾ?"

ಮಾವನಿಗೆ ಜೀವ ಬಂದಂತಾಯಿತು. "ಹಾಕಬಹುದು, ಆದ್ರೆ ಬೇರೆ ಲೈನ್ ಎಳೆಸಿ. ಅರ್ಥಿಂಗ್ ಸರಿ ಇದೆಯಾ ನೋಡ್ಸಿ. ಎಕ್ಸ್‌ಟೆನ್ಷನ್ ವೈರ್ ಮಾತ್ರ ಬೇಡಪ್ಪಾ, ಸುಟ್ಟುಹೋಗುತ್ತೆ. ರಾತ್ರಿ ಹಾಕಿ ಮಲಗಿ, ಮೊಬೈಲ್ ಥರ. ಫಾಸ್ಟ್ ಚಾರ್ಜರ್ ಅವಸರಕ್ಕೆ ಮಾತ್ರ. ದಿನಾ ಎಂಬತ್ತಕ್ಕೇ ನಿಲ್ಲಿಸಿ. ಕಂಠಪೂರ್ತಿ ತುಂಬಿಸಿದ್ರೆ ಬ್ಯಾಟರಿಗೆ ಸುಸ್ತು. ಆಮೇಲೆ ನೋಡಿ ಸುಖಾನ! ಹೊಗೆ ಇಲ್ಲ, ಸದ್ದಿಲ್ಲ, ಎಂಜಿನ್ ಆಯಿಲ್ ಬದಲಾಯಿಸೋ ರಗಳೆ ಇಲ್ಲ."

"ನಾನೂ ಮೊದಲು ನೂರು ತುಂಬಿಸ್ತಿದ್ದೆ," ಎಂದರು ಪಕ್ಕದ ಕುರ್ಚಿಯ ಲೈಬ್ರರಿಯಮ್ಮ. "ಮಾವ ಹೇಳಿದ ಮೇಲೆ ಬಿಟ್ಟೆ."

ಐವತ್ತು ದಾಟಿದ ಒಂಟಿ ಹೆಂಗಸು. ರಸ್ತೆಯಾಚೆಯ ಗ್ರಂಥಾಲಯದಲ್ಲಿ ಕೆಲಸ. "ಇಡೀ ದಿನ 'ಶ್, ಮಾತಾಡಬೇಡಿ' ಅನ್ನೋದಕ್ಕೇ ನನಗೆ ಸಂಬಳ ಮಾವ," ಎಂದು ಪರಿಚಯವಾದ ದಿನವೇ ನಗಿಸಿದ್ದರು. ನಿಮ್ಮ ಕಾರು ಯಾವುದಮ್ಮಾ ಎಂದು ಕೇಳಿದ್ದಕ್ಕೆ "ಅಲ್ಲೇ ಇದೆ" ಎಂದು ಹೊರಗಿನ ಸಾಲಿನತ್ತ ಗದ್ದ ಎತ್ತಿದ್ದರು. ಏಳು ತಿಂಗಳಿಂದ ಇಬ್ಬರೂ ಒಂದು ಸಂಜೆಯನ್ನೂ ತಪ್ಪಿಸಿರಲಿಲ್ಲ. ಬಿಳಿ ಕಾರಿನ ಹಿಂಬಾಗಿಲ ಮೇಲೆ ಗೀರು ಬಿದ್ದ ದಿನ "ಯಾವನೋ ಕಣ್ಣಿಲ್ಲದವನು ಉಜ್ಜಿಕೊಂಡು ಹೋಗಿದ್ದಾನೆ" ಎಂದು ಮಾವ ಹಿಗ್ಗಾಮುಗ್ಗಾ ಬೈದರೆ, ಆಕೆ ತಾವೇ ಬೈಸಿಕೊಂಡವರಂತೆ ತಲೆ ತಗ್ಗಿಸಿದ್ದರು.

ಎಂಬತ್ತು ಆಗುವ ಹೊತ್ತಿಗೆ ಮಾವ "ಒಂದು ಸುತ್ತು ನಡೆದು ಬರ್ತೀನಮ್ಮಾ" ಎಂದು ಎದ್ದು ಹೋಗುವುದು ರೂಢಿ. ಇವತ್ತೂ ಎದ್ದರು. ಆದರೆ ಸೂಪರ್‌ವೈಸರ್ ಬಾಗಿಲಲ್ಲೇ ಕಾದಿದ್ದ.

"ಎಂಬತ್ತಾಯ್ತು. ಬನ್ನಿ, ನನ್ನೆದುರಿಗೇ ತೆಗೀರಿ."

ಹಿಂದೆಯೇ ಲೈಬ್ರರಿಯಮ್ಮನೂ ಬಂದರು. ಮಾವ ಕಾರಿನ ಬಳಿ ಬಗ್ಗಿ ಚಾರ್ಜಿಂಗ್ ವೈರ್ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಕಾರಿನ ಲಾಕ್ ತೆಗೀದೆ ಪ್ಲಗ್ ಹೇಗ್ರೀ ಬಿಡುತ್ತೆ? ಊರಿಗೆಲ್ಲಾ ಪಾಠ ಹೇಳ್ತೀರಿ, ಇದು ಗೊತ್ತಿಲ್ವಾ? ಕೀ ಒತ್ತಿ."

ಮಾವ ಅಂಗಿಯ ಜೇಬು ಮುಟ್ಟಿದರು. ಪ್ಯಾಂಟಿನ ಜೇಬು ತಡವಿದರು. ಗಾಜಿನಾಚೆಯಿಂದ ಹೊಸ ದಂಪತಿ ನೋಡುತ್ತಿದ್ದರು. ನೆಲ ಬಾಯಿ ಬಿಡಬಾರದೇ ಎನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ನಿಂತ ಆಕೆಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಅಮ್ಮಾ, ಅದು ಏನಂದ್ರೆ..."

ಟಕ್ ಎಂದು ಲಾಕ್ ಬಿಟ್ಟಿತು. ಬಿಳಿ ಕಾರಿನ ದೀಪಗಳು ಎರಡು ಸಲ ಮಿನುಗಿದವು. ಲೈಬ್ರರಿಯಮ್ಮ ಕೀ ಹಿಡಿದ ಕೈಯಿಂದಲೇ ಮುಂದಿನ ಎಡಬಾಗಿಲು ತೆರೆದರು.

"ಹತ್ತಿ ಮಾವ. ನಮ್ಮನೇಲಿ ಚಾರ್ಜರ್ ಇದೆಯಲ್ಲ, ಇನ್ಮೇಲೆ ಅಲ್ಲೇ ಹಾಕಿ ಕೂತ್ಕೊಂಡು ಮಾತಾಡೋಣ."

ಜನ್ಮದಲ್ಲಿ ಒಂದು ಸೈಕಲ್ಲನ್ನೂ ಕೊಳ್ಳದ ಮೀಟರ್ ಮಾವ ಏಳು ತಿಂಗಳಿಂದ ಆಕೆಯ ಕಾರನ್ನು, ಅದು ಆಕೆಯದೆಂದು ಗೊತ್ತೇ ಇಲ್ಲದೆ, ಆಕೆಯೆದುರಿಗೇ ತಮ್ಮದೆಂದು ಹೇಳಿಕೊಳ್ಳುತ್ತಾ ಬಂದಿದ್ದರು.