ದಿನಕ್ಕೆ ಐವತ್ತು ವಾಕ್ಯ

ಸೋಮವಾರ ಬೆಳಿಗ್ಗೆ ಎರ್ರಿಯ ಕುರ್ಚಿ ಖಾಲಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯೂ ಇರಲಿಲ್ಲ.

ಏನಾಯಿತೆಂದು ಕೇಳುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಬರಲಿಲ್ಲ. ಅವನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ದುರ್ಗಾದೇವಿ ಸಂಜೆ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದಳು. ಸಿರುಗುಪ್ಪದ ಬಸ್ಸಿಗೆ ಕಾಯುತ್ತ, ಎಂದಿನಂತೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇಂಗ್ಲಿಷ್ ಕ್ರಿಕೆಟ್ ಕಾಮೆಂಟರಿ ಕೇಳುತ್ತ ನಿಂತಿದ್ದ.

“ಏನಾತೋ ಎರ್ರಿ?”

“ಮೇಡಂ ಕರದ್ರು. ‘ನಿನ್ನ ಇಂಗ್ಲಿಷ್ ನಮಗ ನಡೆಯಂಗಿಲ್ಲ’ ಅಂದ್ರು. ಮುಂದ ಕೇಳಾಕ ನನಗ ಬಾಯಿ ಬರಲಿಲ್ಲ. ನೀ ಹುಷಾರಿರು.”

ಊರಿನ ಬಸ್ಸು ಹತ್ತಿದ ಮೇಲೂ ದುರ್ಗಾದೇವಿಗೆ ಅದೇ ಯೋಚನೆ. ಕಾಮೆಂಟರಿ ಕೇಳಿ ಅರ್ಥ ಮಾಡಿಕೊಳ್ಳುವವನ ಇಂಗ್ಲಿಷೇ ನಡೆಯದಿದ್ದರೆ ತನ್ನದರ ಗತಿಯೇನು?

ಅವರ ಆಫೀಸು ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಬಂದ ಕೂಡಲೇ ಮೊಬೈಲು ಬುಟ್ಟಿಗೆ ಹಾಕಬೇಕು. ಕಂಪ್ಯೂಟರಿನ ಮುಂದೆ ಕುಳಿತು, ಕೊಟ್ಟ ವಿಷಯದ ಮೇಲೆ ಸ್ವಂತ ಇಂಗ್ಲಿಷಿನಲ್ಲಿ ದಿನಕ್ಕೆ ಐವತ್ತು ವಾಕ್ಯ ಬರೆಯಬೇಕು. ಪಕ್ಕದವರನ್ನು ಕೇಳುವಂತಿಲ್ಲ. ಬರೆದದ್ದು ಎಲ್ಲಿಗೆ ಹೋಗುತ್ತದೆ, ಯಾರು ಓದುತ್ತಾರೆ ಎಂದು ಹೇಳುವವರಿರಲಿಲ್ಲ. ಸಂಬಳ ಸರಿಯಾಗಿ ಒಂದನೇ ತಾರೀಖು ಬರುತ್ತಿದ್ದುದರಿಂದ ಕೇಳುವವರೂ ಇರಲಿಲ್ಲ.

ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಸುಮೇಧಾ ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ನಿನ್ನ ಬಗ್ಗೆ ಹೇಳು. “ಮೈಸೆಲ್ಫ್ ದುರ್ಗಾದೇವಿ, ಐ ಆಮ್ ಕಮಿಂಗ್ ಫ್ರಮ್ ಕುರುಗೋಡು, ಇನ್ ಮೈ ಫ್ಯಾಮಿಲಿ ಫೋರ್ ಮೆಂಬರ್ಸ್ ಆರ್ ದೇರ್” ಎಂದು ಅವಳು ಉಸಿರು ಬಿಡದೆ ಒದರಿದ್ದಳು. ಮೇಡಂ ಮುಖ ಅರಳಿತ್ತು. ನಿಂತ ನಿಲುವಿನಲ್ಲೇ ಕೆಲಸ ಕೊಟ್ಟಿದ್ದರು. ತನ್ನ ಧೈರ್ಯ ಮೆಚ್ಚಿದರೆಂದು ದುರ್ಗಾದೇವಿ ಊರೆಲ್ಲ ಹೇಳಿಕೊಂಡು ತಿರುಗಿದ್ದಳು.

ಈ ಕೆಲಸ ಹೋದರೆ ಕಥೆ ಮುಗಿದಂತೆ. ತಾಯಿ ಜಡೆಮ್ಮ ಆಗಲೇ ಹೇಳಿಟ್ಟಿದ್ದಳು, “ನೌಕ್ರಿ ಇರೋತನ ನಾ ಬಾಯಿ ತೆಗಿಯಂಗಿಲ್ಲ. ಇಲ್ಲಂದ್ರ ಕಾರ್ತೀಕದಾಗ ರಾರಾವಿ ವಾಲ್ಮೀಕಿ ಕೂಡ ಲಗ್ನ.” ವಾಲ್ಮೀಕಿ ರಾರಾವಿ ಊರಿನ ಸೋದರಮಾವನ ಮಗ. ಟ್ರ್ಯಾಕ್ಟರಿನ ಮೇಲೆ ಕುಳಿತ ತನ್ನದೇ ಫೋಟೋವನ್ನು ದಿನಕ್ಕೆ ಎರಡು ಸಲ ಅವಳಿಗೆ ಕಳಿಸುವ ಮನುಷ್ಯ.

ಮರುದಿನವೇ ದುರ್ಗಾದೇವಿ ಆಫೀಸಿನ ಹಿಂದಿನ ಓಣಿಯಲ್ಲಿದ್ದ ವಿಜಯಾಬಾಯಿಯವರ ಬಾಗಿಲು ತಟ್ಟಿದಳು. ಸಿರುಗುಪ್ಪದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಕೈಯಲ್ಲಿ ಕೆಂಪು ಪೆನ್ನು ಇಲ್ಲದಿದ್ದರೆ ಪತ್ರಿಕೆಯನ್ನೂ ಓದುತ್ತಿರಲಿಲ್ಲ. ಫೀಸಿಗೆ ಬದಲು ಹೊಲದ ಒಣಮೆಣಸಿನಕಾಯಿ ಎಂದು ಒಪ್ಪಂದವಾಯಿತು.

“‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಮಂತ್ಸ್.’ ಈ ಸಿನ್ಸ್ ನಿನಗೇನು ಅನ್ಯಾಯ ಮಾಡೇದ? ಎಳಕೊಂಡು ಬಂದು ಕಂಡ ಕಂಡಲ್ಲಿ ನಿಲ್ಲಸ್ತೀಯಲ್ಲ.”

“ಮತ್ತೇನ್ ಬರೀಲ್ರಿ?”

“ಎರಡು ತಿಂಗಳು ಅಂತ ಅವಧಿ ಹೇಳಿದ್ರ ಫಾರ್. ಇಂಥಾ ದಿನದಿಂದ ಅಂದ್ರ ಸಿನ್ಸ್. ಇನ್ನು, ‘ಐ ಆಮ್ ನೋಯಿಂಗ್’ ಅಂತ ಇನ್ನೊಮ್ಮೆ ಬರದ್ರ ಕಾಫಿ ಇಲ್ಲ.”

ನಾಲ್ಕು ದಿನ ಕಾಫಿ ಸಿಗಲಿಲ್ಲ. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬಂದರೆ ಬಾಯಿಯವರು ಸಾವಿನ ಸುದ್ದಿ ಕೇಳಿದವರಂತೆ ಕಣ್ಣು ಮುಚ್ಚುತ್ತಿದ್ದರು. ಆದರೂ ವಾರ ಕಳೆದಂತೆ ಹಾಳೆಯ ಮೇಲೆ ಕೆಂಪು ಕಡಿಮೆಯಾಗುತ್ತ ಬಂತು.

ಆಫೀಸಿನಲ್ಲಿ ಮಾತ್ರ ಮೇಡಂ ಮುಖ ಬಿಗಿಯಾಗುತ್ತ ಹೋಯಿತು. ಒಂದು ದಿನ ಅವಳ ಕುರ್ಚಿಯ ಹಿಂದೆ ಬಂದು ನಿಂತು, ಪರದೆ ಓದಿ, ನಿಟ್ಟುಸಿರಿಟ್ಟರು.

“ಮೊದಲು ಎಷ್ಟು ಛಂದ ಬರೀತಿದ್ದಿ ದುರ್ಗಾ.”

ಹಳೆಯ ಬರಹ ನೆನೆದರೆ ದುರ್ಗಾದೇವಿಗೇ ನಾಚಿಕೆಯಾಗುತ್ತಿತ್ತು. ಅದನ್ನು ಛಂದ ಎಂದರೆ ಚುಚ್ಚುಮಾತಲ್ಲದೆ ಮತ್ತೇನು? ಅವತ್ತಿನಿಂದ ಟ್ಯೂಷನ್ ಒಂದು ಗಂಟೆಯಿಂದ ಎರಡಕ್ಕೇರಿತು. ಬಸ್ಸಿನಲ್ಲಿ ವ್ಯಾಕರಣ ಓದಿದಳು. ಒಲೆಯ ಮುಂದೆ ಕ್ರಿಯಾಪದ ಬಾಯಿಪಾಠ ಮಾಡಿದಳು. ಮಗಳಿಗೆ ಗಾಳಿ ಸೋಕಿದೆಯೆಂದು ಜಡೆಮ್ಮ ಎರಡು ಸಲ ನಿಂಬೆಹಣ್ಣು ನಿವಾಳಿಸಿದಳು.

ಮೂರನೇ ತಿಂಗಳ ಒಂದು ಗುರುವಾರ, ಅಂದು ಬರೆದ ಐವತ್ತನ್ನೂ ನೆನಪಿನಿಂದ ಬಾಯಿಯವರಿಗೆ ಬರೆದು ತೋರಿಸಿದಳು. ಅವರು ಎರಡು ಸಲ ಓದಿ, ಏನೂ ಸಿಗದೆ, ಪೆನ್ನಿಗೆ ಮುಚ್ಚಳ ಹಾಕಿದರು.

“ಹೋಗು. ಇನ್ನ ನಿನ್ನ ಯಾರೂ ಅಲ್ಲಾಡ್ಸೋ ಹಂಗಿಲ್ಲ.”

ಶುಕ್ರವಾರ ಬೆಳಿಗ್ಗೆ ಮೇಡಂ ಕ್ಯಾಬಿನ್ನಿನಿಂದ ಕರೆ ಬಂತು. ದುರ್ಗಾದೇವಿ ದುಪಟ್ಟಾ ಸರಿಮಾಡಿಕೊಂಡು, ಬಡ್ತಿ ಸಿಕ್ಕರೆ ತಾಯಿಗೆ ಏನು ಒಯ್ಯಬೇಕೆಂದು ಯೋಚಿಸುತ್ತ ಒಳಗೆ ಹೋದಳು.

“ನಿನ್ನೆ ಕೊಟ್ಟ ಐವತ್ತು ವಾಕ್ಯ ನೀನೇ ಬರದದ್ದೇನು?”

“ಹೌದ್ರಿ ಮೇಡಂ. ಮೂರು ತಿಂಗಳಿಂದ ಟ್ಯೂಷನ್‌ಗೆ ಹೊಂಟೀನ್ರಿ.”

ಮೇಡಂ ಹಣೆಗೆ ಕೈ ಹಚ್ಚಿಕೊಂಡರು. “ಎರ್ರಿದೂ ಹಿಂಗೇ ಆತು. ಇನ್ನು ನಿನ್ನ ಇಂಗ್ಲಿಷೂ ನಡೆಯಂಗಿಲ್ಲ. ನಾಳಿಂದ ಬರಬ್ಯಾಡ.”

ಕಾರ್ತೀಕಕ್ಕೆ ಆರೇ ವಾರವಿತ್ತು.

“ನಿಮ್ಮನಿಯಾಗ ಇಂಗ್ಲಿಷ್ ಬರಿಯೋರು ಬ್ಯಾರೆ ಯಾರರ ಇದ್ದಾರೇನು?” ಮೇಡಂ ಕೇಳಿದರು.

“ಅಣ್ಣ ಕರಿಬಸವ ಅದಾನ್ರಿ, ಬಿ.ಕಾಂ. ಮಾಡ್ಯಾನ. ಆದ್ರ ಅವಂದು ಭಾಳ ಕೆಟ್ಟ ಐತ್ರಿ. ‘ಐ ಡಿಡಂಟ್ ವೆಂಟ್’ ಅಂತಾನ. ‘ಒನ್ ಆಫ್ ಮೈ ಫ್ರೆಂಡ್’ ಅಂತಾನ.”

ಮೇಡಂ ಪೆನ್ನು ಕೈಗೆತ್ತಿಕೊಂಡರು. “ಅವನ ನಂಬರ್ ಹೇಳು.”

“ಅಂಥಾವನ್ನ ತಗೊಂಡು ನನ್ನ ಬಿಡಸ್ತೀರೇನ್ರಿ?” ದುರ್ಗಾದೇವಿ ಮೇಜಿನ ಹತ್ತಿರ ಸರಿದಳು.

ಮೇಡಂ ಎದ್ದು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿದರು.

“ಹೊರಗ ಹೇಳಬ್ಯಾಡ, ಗೊತ್ತಾದ್ರ ಎಲ್ಲಾರೂ ಬೇಕಂತಲೇ ಮಾಡ್ತಾರ. ಇಂಗ್ಲಿಷ್ ತಪ್ಪು ತಿದ್ದೋ ಆ್ಯಪ್ ಮಾಡೋ ಕಂಪನಿ ಇದು, ಅದಕ್ಕ ಕಲಿಸಾಕ ಖರೇ ತಪ್ಪು ಬೇಕು. ನಾವು ಸಂಬಳ ಕೊಡೋದೇ ನಿಮ್ಮ ತಪ್ಪಿಗೆ. ನಿನ್ನೆ ಐವತ್ತು ವಾಕ್ಯದಾಗ ಒಂದಾದ್ರೂ ಮಾಡೀಯೇನವ್ವಾ?”