ಅಂಗೈ ಕೆಳಗಿನ ಅಂಗೈ

"ಚಂದ್ರಮ್ಮಾ, ಅಪ್ಪಾಗ ಇನ್ನಾ ಗಂಜಿ ಯಾಕ ಕುಡಿಸಿಲ್ಲ? ಕೈ ಹಿಡ್ಕೊಂಡು ಕುಂದ್ರಾಕ ಪಗಾರ ಕೊಡ್ತೀನೇನು?"

ಗೋಡೆಯ ಕ್ಯಾಮೆರಾದೊಳಗಿಂದ ಸಂಜೀವಕುಮಾರನ ಧ್ವನಿ ಬಂತು. ಹಿಂದಿನ ಆಯಾ ತಂದೆಯನ್ನು ಗದರಿಸಿ ಉಣಿಸುತ್ತಾಳೆಂದು ತಿಳಿದ ಮೇಲೆ ಹಾಕಿಸಿದ ಕ್ಯಾಮೆರಾ ಅದು. ಜಹೀರಾಬಾದ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೂತು, ಫೋನಿನಿಂದಲೇ ಅದನ್ನು ಅತ್ತಿತ್ತ ತಿರುಗಿಸಿ ಮನೆ ನೋಡುತ್ತಿದ್ದ.

"ತಡೀರಿ ಸಾವಕಾರ್ರೇ," ಎಂದಳು ಚಂದ್ರಮ್ಮ, ತಲೆ ಎತ್ತದೆ. "ಗಂಜಿ ಆರಿದ್ರ ಮತ್ತ ಬಿಸಿ ಮಾಡ್ತೀನಿ. ಈಗ ಅಲ್ಲಾಡಾಕ ಬರಲ್ರಿ."

ಸಿಟ್ಟಿನಲ್ಲೇ ಅವನು ಚಿತ್ರವನ್ನು ಹಿಗ್ಗಿಸಿದ. ದಿಂಬಿಗೊರಗಿ ಕೂತಿದ್ದ ತಂದೆ ರೇವಪ್ಪನ ಹಣೆಯಲ್ಲಿ ವಿಭೂತಿ ಇತ್ತು. ಲಕ್ವಾ ಹೊಡೆದಾಗಿನಿಂದ ಜೋತುಬಿದ್ದಿದ್ದ ಎಡಗೈ ಎದೆಯ ಮಟ್ಟಕ್ಕೆ ಎದ್ದಿತ್ತು. ಆ ಅಂಗೈಯಲ್ಲಿ ಇಷ್ಟಲಿಂಗ. ಅದರ ಕೆಳಗೆ, ಜಾರದಂತೆ ಆನಿಸಿ ಹಿಡಿದ ಚಂದ್ರಮ್ಮನ ಅಂಗೈ. ಲಿಂಗಪೂಜೆ ಆಗದೆ ತುತ್ತು ಮುಟ್ಟಿದ ಮನುಷ್ಯನಲ್ಲ ರೇವಪ್ಪ. ಕೈ ಬಿದ್ದ ಮೇಲೆ ಪೂಜೆ ನಿಂತಿತ್ತು. ದಿನಾ ಬೆಳಿಗ್ಗೆ ಬಾಯಿ ಬಿಗಿದುಕೊಳ್ಳುವುದನ್ನು ಮಗ ಕಾಯಿಲೆಯ ಹಟವೆಂದುಕೊಂಡಿದ್ದ.

ರೇವಪ್ಪ ಬಲಗೈಯಿಂದ ಲಿಂಗದ ಮೇಲೆ ಹೂವಿಟ್ಟ. ಮುಗಿಯಿತೇ ಎಂಬಂತೆ ಚಂದ್ರಮ್ಮ ನೋಡಿದಳು. ಇಲ್ಲವೆಂದು ತಲೆಯಾಡಿಸಿ ಕಣ್ಣು ಮುಚ್ಚಿದ. ತೋಳು ಸೋಲುತ್ತಿದ್ದರೂ ಅವಳು ಹಾಗೇ ಕೂತಳು.

ಕ್ಯಾಮೆರಾ ಕಿರ್ರೆಂದಿತು. ಇನ್ನೊಂದು ಬೈಗುಳಕ್ಕೆ ಅವಳು ಕಾದಳು. ಆದರೆ ಅದು ಮೆಲ್ಲಗೆ ತಿರುಗಿ, ಗೋಡೆಯ ಕಡೆ ಮುಖ ಮಾಡಿ ನಿಂತಿತು.